ಹೊಸ ವಿಂಡೋಸ್: ಈಗಲೇ ಹಾಕಿಸಬೇಕೆ, ತಡೆಯಬೇಕೆ?

ಅಡಿಕೆ ಕೊಯ್ಲು ಜೋರಾಗಿದ್ದ ದಿನಗಳು. ಶಿವಮೊಗ್ಗದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಪರಿಚಿತರೊಬ್ಬರು ರಾತ್ರಿ ಫೋನು ಮಾಡಿದರು. "ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ ಎಂದು ಪರದೆಯ ಮೇಲೆ ದಿನಾ ಬರುತ್ತಿದೆ. ಹಬ್ಬಕ್ಕೆ ಬಂದಿರುವ ಅಳಿಯ ಫಾರ್ಮ್ಯಾಟ್ ಮಾಡಿ 11 ಹಾಕಿಕೊಡುತ್ತೇನೆ, ಅರ್ಧ ದಿನದ ಕೆಲಸ ಅನ್ನುತ್ತಿದ್ದಾನೆ. ಹಾಕಿಸಲೋ, ಬೇಡವೋ?"

ಮರುದಿನ ಹೋಗಿ ನೋಡಿದೆ. ಮೇಜಿನ ಮೇಲೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಅದರ ಬೆನ್ನಿಗೆ ಮಡಿಕೆ ಮಡಿಕೆಯಾಗಿ ಬಿದ್ದ ಕಾಗದ. ಪರದೆಯಲ್ಲಿ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ನಾಲ್ಕು ಬಗೆಗಳ ಅಂಕಣಗಳು ಇಂಗ್ಲಿಷ್ ಅಕ್ಷರಗಳಲ್ಲಿ. ವಿಂಡೋಸ್ ಮನೆಮಾತಾಗುವ ಮೊದಲಿನ ಡಾಸ್ ಕಾಲದಲ್ಲಿ ಯಾರೋ ಫಾಕ್ಸ್‌ಪ್ರೋ ಎಂಬ ದತ್ತಾಂಶ ಸಲಕರಣೆಯಲ್ಲಿ ಬರೆದುಕೊಟ್ಟಿದ್ದ ತಂತ್ರಾಂಶ ಅದು. ಬರೆದವರು ಈಗ ಎಲ್ಲಿದ್ದಾರೋ ಮಂಡಿಯಲ್ಲಿ ಯಾರಿಗೂ ತಿಳಿಯದು. ಆ ಸಿಸ್ಟಂನಲ್ಲಿ ಇದ್ದದ್ದು 32 ಬಿಟ್‌ನ ವಿಂಡೋಸ್ 10. ಡಾಸ್ ಕಾಲದ 16 ಬಿಟ್ ತಂತ್ರಾಂಶಗಳು 32 ಬಿಟ್ ವಿಂಡೋಸ್‌ನಲ್ಲಿ ಹೇಗೋ ನಡೆಯುತ್ತವೆ, 64 ಬಿಟ್‌ನಲ್ಲಿ ನಡೆಯುವುದಿಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಅಳಿಯ ಅರ್ಧ ದಿನದ ಕೆಲಸವನ್ನು ಮುಗಿಸಿದ್ದರೆ, ಕಡತಗಳನ್ನು ಕಾಪಿ ಮಾಡಿಟ್ಟಿದ್ದರೂ ಅವನ್ನು ತೆರೆದು ಬಿಲ್ಲು ಹೊಡೆಯುವ ತಂತ್ರಾಂಶ ಅಂದೇ ನಿಂತುಹೋಗುತ್ತಿತ್ತು. ಹೊರಗೆ ರೈತರು ಚೀಲ ಇಳಿಸುತ್ತಿದ್ದರು.

ತಡೆಯಿರಿ ಎಂದೆ. ಆದರೆ ಎಷ್ಟು ದಿನ ತಡೆಯಬೇಕು, ಅಷ್ಟರೊಳಗೆ ಏನೇನು ಮಾಡಿಕೊಳ್ಳಬೇಕು ಎಂದು ಹೇಳದೆ ಬರೀ ತಡೆಯಿರಿ ಎಂದರೆ ಅದು ಸಲಹೆಯಲ್ಲ, ಜಾರಿಕೊಳ್ಳುವ ಮಾತು. ಆ ಮಂಡಿಯವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲನೆಯದು: ಔಷಧಿ ಹೊಡೆಯುವುದು ಬೇರೆ, ತೋಟ ಎಬ್ಬಿಸುವುದು ಬೇರೆ

ನಮ್ಮಲ್ಲಿ ಅಪ್‌ಡೇಟ್, ಅಪ್‌ಗ್ರೇಡ್ ಎರಡನ್ನೂ ಒಂದೇ ಎಂದುಕೊಂಡು ಎರಡಕ್ಕೂ ಹೆದರುವವರೇ ಹೆಚ್ಚು. ಅಡಿಕೆ ಬೆಳೆಯುವವರಿಗೆ ಈ ವ್ಯತ್ಯಾಸವನ್ನು ಹೇಳಿಕೊಡಬೇಕಾಗಿಲ್ಲ. ಮುಂಗಾರಿನ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ಹೊಡೆಯುತ್ತೇವೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊಳೆರೋಗ ಬಂದ ಮೇಲೆ ಹೊಡೆಯೋಣ ಎಂದು ಯಾರೂ ಕಾಯುವುದಿಲ್ಲ. ಪ್ರತಿ ತಿಂಗಳು ಬರುವ ಭದ್ರತಾ ಅಪ್‌ಡೇಟ್ ಎಂದರೆ ಇದೇ. ಹತ್ತರಿಂದ ಹನ್ನೊಂದಕ್ಕೆ ಹೋಗುವುದು ಮಾತ್ರ ಹಳೆಯ ಮರ ಕಡಿದು ಹೊಸ ಸಸಿ ಇಟ್ಟಂತೆ. ಅದಕ್ಕೆ ಕಾಲ ನೋಡಬೇಕು, ಕೈಯಲ್ಲಿ ಕಾಸು ನೋಡಬೇಕು, ಅಷ್ಟು ದಿನ ಫಸಲು ಇಲ್ಲದೆ ನಡೆಯುತ್ತದೆಯೇ ಎಂದೂ ನೋಡಬೇಕು.

ವಿಂಡೋಸ್‌ನ ಮಾಸಿಕ ಅಪ್‌ಡೇಟ್ ತಿಂಗಳ ಎರಡನೇ ಮಂಗಳವಾರ ಬಿಡುಗಡೆಯಾಗುತ್ತದೆ. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ ಹತ್ತೂವರೆ, ಅಮೆರಿಕದ ಚಳಿಗಾಲದಲ್ಲಾದರೆ ಹನ್ನೊಂದೂವರೆ. ಬುಧವಾರ ಬೆಳಿಗ್ಗೆ ಕಚೇರಿಗೆ ಬಂದವರಿಗೆ ರೀಸ್ಟಾರ್ಟ್ ಮಾಡಿ ಎಂಬ ಸೂಚನೆ ಕಾಣುವುದು ಇದರಿಂದಲೇ. ಕೈಯಲ್ಲಿ ತುರ್ತು ಕೆಲಸವಿದ್ದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಐದು ವಾರದವರೆಗೆ ಮುಂದೂಡಬಹುದು. ನಾನು ಎರಡು ಮೂರು ದಿನಕ್ಕಿಂತ ಹೆಚ್ಚು ಮುಂದೂಡುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಜಗತ್ತಿನ ತುಂಬ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಅದನ್ನು ಎರಡು ತಿಂಗಳು ಹಾಕಿಕೊಳ್ಳದೆ ಉಳಿದ ಸಿಸ್ಟಂಗಳೇ ಹೆಚ್ಚಾಗಿ ಸಿಕ್ಕಿಬಿದ್ದದ್ದು.

ಎರಡನೆಯದು: ನಿಮ್ಮಲ್ಲಿರುವುದು ಯಾವುದು, ಅದರ ವಾಯಿದೆ ಎಂದಿಗೆ

ವಿಂಡೋಸ್ ಚಿಹ್ನೆಯ ಕೀಲಿಯ ಜೊತೆ ಆರ್ ಒತ್ತಿ. ಬರುವ ಸಣ್ಣ ಪೆಟ್ಟಿಗೆಯಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂಬ ಆರು ಅಕ್ಷರಗಳನ್ನು ಟೈಪಿಸಿ ಎಂಟರ್ ಒತ್ತಿ. ಯಾವ ವಿಂಡೋಸ್, ಯಾವ ಆವೃತ್ತಿ ಎಂದು ಬರುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ.

ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ ನಿಂತದ್ದು 2020ರ ಜನವರಿ 14ಕ್ಕೆ, 8.1ಕ್ಕೆ 2023ರ ಜನವರಿ 10ಕ್ಕೆ, 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಮೊದಲ ಎರಡು ನಿಮ್ಮಲ್ಲಿದ್ದು, ಅದೇ ಸಿಸ್ಟಂನಲ್ಲಿ ಬ್ಯಾಂಕ್ ವ್ಯವಹಾರವನ್ನೂ ಮಾಡುತ್ತಿದ್ದರೆ ಇನ್ನು ಯೋಚಿಸುವುದು ಏನೂ ಇಲ್ಲ. ಇವತ್ತೇ ನೆಟ್ ಕೇಬಲ್ ಕೀಳಿ, ಉಳಿದದ್ದನ್ನು ನಾಳೆ ನೋಡೋಣ.

ವಿಂಡೋಸ್ 10ರವರಿಗೆ ಸ್ವಲ್ಪ ಉಸಿರಾಡಲು ಜಾಗವಿದೆ. ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಕೊಟ್ಟಿದ್ದು, ಅದು 2026ರ ಅಕ್ಟೋಬರ್ 13ರವರೆಗೆ ನಡೆಯುತ್ತದೆ. ಆವೃತ್ತಿ 22ಎಚ್2 ಆಗಿರಬೇಕು, ಮೈಕ್ರೋಸಾಫ್ಟ್ ಖಾತೆಯೊಂದಿಗೆ ಲಾಗಿನ್ ಆಗಬೇಕು. ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ಗೆ ಬ್ಯಾಕಪ್ ಮಾಡಲು ಒಪ್ಪಿದರೆ ಹಣ ಕೊಡಬೇಕಾಗಿಲ್ಲ. ಒಪ್ಪದಿದ್ದರೆ ಅವರ ರಿವಾರ್ಡ್ಸ್ ಅಂಕಗಳು ಸಾವಿರ, ಇಲ್ಲವೇ 30 ಡಾಲರ್ ಅಥವಾ ಅದಕ್ಕೆ ಸಮನಾದ ಇಲ್ಲಿನ ಹಣ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಕಾಣುತ್ತದೆ. ಸಂಸ್ಥೆಗಳಿಗೆ ಮೂರು ವರ್ಷದವರೆಗೂ ಸಿಗುತ್ತದೆ, ಆದರೆ ಸಿಸ್ಟಂ ಒಂದಕ್ಕೆ ಮೊದಲ ವರ್ಷ 61 ಡಾಲರ್, ಮುಂದೆ ವರ್ಷ ವರ್ಷಕ್ಕೆ ದುಪ್ಪಟ್ಟು. ನಾಲ್ಕು ಸಿಸ್ಟಂ ಇರುವ ಸಣ್ಣ ಸಹಕಾರ ಸಂಘ ಈ ಲೆಕ್ಕವನ್ನು ಹಾಕಿ ನೋಡಿದರೆ ಹೊಸ ಯಂತ್ರವೇ ಮೇಲು ಎಂದು ಆಡಳಿತ ಮಂಡಳಿಗೂ ತಾನಾಗಿ ಅರ್ಥವಾಗುತ್ತದೆ.

ಹನ್ನೊಂದು ಹಾಕಿಸಿಕೊಂಡವರೂ ಕಾಲು ಚಾಚಿ ಕೂರುವಂತಿಲ್ಲ. ಅದರ ಹೋಮ್, ಪ್ರೋ ಆವೃತ್ತಿಗಳಿಗೆ ತಲಾ ಎರಡೇ ವರ್ಷದ ಆಯುಷ್ಯ. 23ಎಚ್2ರದ್ದು 2025ರ ನವೆಂಬರ್ 11ಕ್ಕೆ ಮುಗಿಯಿತು, 24ಎಚ್2ರದ್ದು 2026ರ ಅಕ್ಟೋಬರ್ 13ಕ್ಕೆ. ಅಲ್ಲಿಂದ ಮುಂದಿನ 25ಎಚ್2ಕ್ಕೆ ಹೋಗುವುದು ಸಣ್ಣ ಕೆಲಸ, ತಿಂಗಳ ಅಪ್‌ಡೇಟಿನಷ್ಟೇ ಹೊತ್ತು. ಹೆದರಬೇಡಿ.

ಮೂರನೆಯದು: ಯಂತ್ರ ತಾಳುತ್ತದೆಯೇ

ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ ಒಂದು ನಿಮಿಷದಲ್ಲಿ ಹೌದು, ಇಲ್ಲ ಎಂದು ಹೇಳುತ್ತದೆ. ಇಲ್ಲ ಎಂದಾಗ ಯಾಕೆ ಇಲ್ಲ ಎಂಬುದು ಮುಖ್ಯ. ಎಲ್ಲ ಇಲ್ಲಗಳೂ ಒಂದೇ ಅಲ್ಲ.

ಪ್ರೊಸೆಸರ್ ಹಳೆಯದು ಎಂದರೆ ಅದು ಕೊನೆಯ ಮಾತು. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಈಚಿನದು ಬೇಕು. ಐ3, ಐ5 ಎಂಬುದರ ಮುಂದಿನ ಸಂಖ್ಯೆಯನ್ನು ನೋಡಿ. 7200 ಎಂದಿದ್ದರೆ ಏಳನೆಯದು, 8250 ಎಂದಿದ್ದರೆ ಎಂಟನೆಯದು, 10 ಅಥವಾ 11ರಿಂದ ಆರಂಭವಾದರೆ ಹತ್ತು, ಹನ್ನೊಂದನೆಯದು. ಎಎಂಡಿ ರೈಜೆನ್‌ನಲ್ಲಿ ಎರಡು ಸಾವಿರದ ಸರಣಿಯಿಂದ ಮೇಲಿನವು ಹೆಚ್ಚಾಗಿ ನಡೆಯುತ್ತವೆ, ಕೆಲವು ಹೊರಗುಳಿದಿವೆ.

ಟಿಪಿಎಂ 2.0 ಎಂಬ ಭದ್ರತಾ ಸವಲತ್ತು ಇಲ್ಲ ಎಂದು ಬಂದರೆ ಕೈಚೆಲ್ಲಬೇಡಿ. ಎಂಟನೇ ತಲೆಮಾರಿನ ಯಂತ್ರದಲ್ಲಿ ಹೆಚ್ಚಾಗಿ ಅದು ಇದ್ದೇ ಇರುತ್ತದೆ, ಯಂತ್ರ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲಿ ಆಫ್ ಮಾಡಿಟ್ಟಿರುತ್ತಾರೆ ಅಷ್ಟೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುತ್ತದೆ. ಅದನ್ನು ಆನ್ ಮಾಡಿದರೆ ಆಯಿತು. ಸೆಕ್ಯೂರ್ ಬೂಟ್, ಅಂದರೆ ನಂಬಿಕೆಯ ತಂತ್ರಾಂಶವನ್ನಷ್ಟೇ ಶುರುವಾಗಲು ಬಿಡುವ ಕಾವಲು, ಇಲ್ಲ ಎಂಬುದಕ್ಕೆ ಬೇರೆ ಕಾರಣ: ಅಂಗಡಿಯಲ್ಲಿ ಜೋಡಿಸಿಕೊಟ್ಟ ಸಿಸ್ಟಂಗಳಲ್ಲಿ ಎಷ್ಟೋ ಸಲ ವಿಂಡೋಸ್ ಅನ್ನು ಹಳೆಯ ಲೆಗಸಿ ವಿಧಾನದಲ್ಲಿ ಹಾಕಿರುತ್ತಾರೆ. ಡಿಸ್ಕನ್ನು ಜಿಪಿಟಿಗೆ ಬದಲಿಸಿ ಯುಇಎಫ್ಐ ವಿಧಾನಕ್ಕೆ ತರಬಹುದು, ಅದಕ್ಕೆ ವಿಂಡೋಸ್ ಒಳಗೇ ಸಲಕರಣೆ ಇದೆ. ಆದರೆ ಈ ಕೆಲಸವನ್ನು ಮೊದಲ ಸಲಕ್ಕೆ ನಿಮ್ಮ ಅನ್ನದ ಸಿಸ್ಟಂ ಮೇಲೆ ಕಲಿಯಬೇಡಿ. ತಿಳಿದವರ ಕೈಗೆ ಕೊಡಿ.

ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ 4 ಜಿಬಿ ರ್‍ಯಾಮ್ ಸಾಕು ಎಂದಿದೆ. ಸಾಕು, ಬರೀ ತೆರೆದಿಟ್ಟು ನೋಡುತ್ತಾ ಕೂರುವುದಾದರೆ. ಕೆಲಸಕ್ಕೆ 8 ಜಿಬಿ ಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಹನ್ನೊಂದನ್ನು ಅದರ ಮೇಲೆ ಹಾಕುವುದು ಹೇರು ತುಂಬಿದ ಹಳೆಯ ವ್ಯಾನನ್ನು ಆಗುಂಬೆ ಘಾಟಿ ಹತ್ತಿಸಿದಂತೆ. ಮೊದಲು ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ. ಹೊಸ ವಿಂಡೋಸ್ ಬೇಕು ಎಂದು ಬಂದವರಲ್ಲಿ ಎಷ್ಟೋ ಜನಕ್ಕೆ ನಿಜವಾಗಿ ಬೇಕಾಗಿದ್ದದ್ದು ಇದು. ಹಾಕಿಸಿಕೊಂಡ ಮೇಲೆ ವಿಂಡೋಸ್ ವಿಷಯವನ್ನೇ ಮರೆತವರೂ ಇದ್ದಾರೆ, ವಾಯಿದೆಯನ್ನು ಮಾತ್ರ ನಾನೇ ನೆನಪಿಸಬೇಕಾಯಿತು.

ತಪಾಸಣೆಯನ್ನೇ ತಪ್ಪಿಸಿ ಹಳೆಯ ಯಂತ್ರಕ್ಕೆ ಹನ್ನೊಂದು ಹಾಕಿಕೊಡುವ ಉಪಾಯಗಳು ಉಂಟು. ಹಾಕಿಕೊಡುವವರೂ ಊರೂರಲ್ಲಿ ಉಂಟು. ಅಂಥ ಯಂತ್ರಗಳಿಗೆ ಅಪ್‌ಡೇಟಿನ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಅಪ್‌ಡೇಟ್ ಸಿಗಲಿ ಎಂದು ಹೊರಟ ಕೆಲಸದಲ್ಲಿ ಅದನ್ನೇ ಬಿಟ್ಟುಕೊಡುವುದು ನನಗೆ ಒಪ್ಪಿಗೆಯಿಲ್ಲ. ಮಕ್ಕಳ ಆಟದ ಸಿಸ್ಟಂ ಆದರೆ ನಿಮ್ಮಿಷ್ಟ.

ನಾಲ್ಕನೆಯದು: ಈ ಪೆಟ್ಟಿಗೆಗೆ ಏನೇನು ನೇತುಹಾಕಿಕೊಂಡಿದ್ದೀರಿ

ಅವಸರ ಮಾಡದೆ ಕೂತು ಮಾಡಬೇಕಾದ ಹೆಜ್ಜೆ ಇದು. ಒಂದು ಹಾಳೆ ತೆಗೆದುಕೊಂಡು ಒಂದು ವಾರ ಆ ಸಿಸ್ಟಂನಲ್ಲಿ ಏನೇನು ಮಾಡುತ್ತೀರೋ ಬರೆಯುತ್ತಾ ಹೋಗಿ. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮಾಡುವುದನ್ನು ನೆನಪು ಮಾಡಿಕೊಂಡು ಸೇರಿಸಿ. ಏಕೆಂದರೆ ಕೈಕೊಡುವುದು ದಿನಾ ಬಳಸುವುದಲ್ಲ, ಮಾರ್ಚ್ ಕೊನೆಯಲ್ಲಿ ಒಂದೇ ದಿನ ಬಳಸುವುದು.

ಪ್ರಿಂಟರ್ ಮೊದಲು. ಅದರ ಮಾದರಿಯ ಹೆಸರನ್ನು ಹಿಂಭಾಗದ ಚೀಟಿ ನೋಡಿ ಬರೆದುಕೊಳ್ಳಿ, ತಯಾರಕರ ಜಾಲತಾಣದಲ್ಲಿ ವಿಂಡೋಸ್ 11, 64 ಬಿಟ್ ಡ್ರೈವರ್, ಅಂದರೆ ಪ್ರಿಂಟರನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ, ಇದೆಯೇ ಹುಡುಕಿ. ಇದ್ದರೆ ಈಗಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿಡಿ. ಅಗಲವಾದ ಕೇಬಲ್ಲಿನ ಪ್ಯಾರಲಲ್ ಪೋರ್ಟ್ ಪ್ರಿಂಟರ್ ಆಗಿದ್ದರೆ ಹೊಸ ಯಂತ್ರದಲ್ಲಿ ಅದನ್ನು ಚುಚ್ಚಲು ತೂತೇ ಇರುವುದಿಲ್ಲ ಎಂಬುದನ್ನು ನೆನಪಿಡಿ. ಜಿಎಸ್‌ಟಿ, ಟೆಂಡರ್‌ಗಳಿಗೆ ಸಹಿ ಹಾಕುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೂ ತನ್ನದೇ ಡ್ರೈವರ್ ಬೇಕು, ಬೆರಳಚ್ಚು ಯಂತ್ರಕ್ಕೂ ಬೇಕು. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಬಳಸುವವರು ತಮ್ಮ ಆವೃತ್ತಿ ಎಷ್ಟು ಹಳೆಯದು, ದತ್ತಾಂಶ ಇರುವ ಫೋಲ್ಡರ್ ಯಾವುದು, ಲೈಸೆನ್ಸ್ ವಿವರ ಎಲ್ಲಿದೆ ಎಂದು ನೋಡಿಕೊಳ್ಳಲಿ.

ಇನ್ನು ಕನ್ನಡ ಟೈಪಿಸುವ ನುಡಿ ತಂತ್ರಾಂಶ. ಕನ್ನಡದಲ್ಲಿ ಟೈಪಿಸುವವರಿಗೆ ಆಗುವ ಅನಾಹುತದಲ್ಲಿ ಮುಕ್ಕಾಲು ಪಾಲು ಇಲ್ಲೇ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತದಲ್ಲಿ ಒಳಗೆ ಇರುವುದು ಕನ್ನಡ ಅಕ್ಷರಗಳಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಆ ಫಾಂಟು ಅದರ ಮೇಲೆ ಕನ್ನಡದ ಮುಖವಾಡವನ್ನು ಹೊದಿಸುತ್ತದೆ. ಫಾರ್ಮ್ಯಾಟ್ ಮಾಡಿದಾಗ ಫಾಂಟು ಹೋಗುತ್ತದೆ, ಮುಖವಾಡ ಕಳಚುತ್ತದೆ. ತೀರ್ಥಹಳ್ಳಿಯ ಕಡೆಯ ದೇವಸ್ಥಾನದ ಸಮಿತಿಯೊಂದರ ನಡಾವಳಿ ಪುಸ್ತಕವನ್ನು ಹೀಗೆ ತೆರೆದು ಕೂತಿದ್ದೆವು. ಪುಟದ ತುಂಬ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ. ಕಾರ್ಯದರ್ಶಿಯವರು ವೈರಸ್ ಬಂದಿದೆ ಎಂದು ತಲೆಯ ಮೇಲೆ ಕೈ ಹೊತ್ತಿದ್ದರು. ಇನ್ನೊಂದು ಸಿಸ್ಟಂನಿಂದ ಒಂದೇ ಒಂದು ಫಾಂಟ್ ತಂದು ಹಾಕಿದ ಕೂಡಲೇ "ಮಾನ್ಯ ಅಧ್ಯಕ್ಷರ ಅನುಮತಿಯ ಮೇರೆಗೆ" ಎಂದು ಪುಟ ಮಾತನಾಡಿತು.

ಆದ್ದರಿಂದ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ತೆರೆದು ನುಡಿ, ಬಿಆರ್‌ಎಚ್ (ಬರಹದ್ದು), ಶ್ರೀ (ಶ್ರೀಲಿಪಿಯದು) ಎಂದು ಶುರುವಾಗುವ ಫಾಂಟುಗಳನ್ನೆಲ್ಲ ಹೊರಗೆ ಕಾಪಿ ಮಾಡಿಡಿ. ತಂತ್ರಾಂಶವನ್ನು ಹೊಸದಾಗಿ ಹಾಕುವ ಕಡತವನ್ನೂ ಜೊತೆಗಿಡಿ. ಸಮಯ ಸಿಕ್ಕಾಗ ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ, ಒಳಗೂ ಕನ್ನಡ ಅಕ್ಷರಗಳೇ ಇರುವ ಯೂನಿಕೋಡ್‌ಗೆ ತನ್ನಿ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪುತ್ತದೆ, ಕಣ್ಣಾಡಿಸಬೇಕು. ಹೊಸದನ್ನು ಯೂನಿಕೋಡ್‌ನಲ್ಲೇ ಟೈಪಿಸಿ. ವಿಂಡೋಸ್ 10ರಲ್ಲೂ 11ರಲ್ಲೂ ಕನ್ನಡದ ಇನ್‌ಸ್ಕ್ರಿಪ್ಟ್ ಮತ್ತು ಫೋನೆಟಿಕ್ ಕೀಲಿಮಣೆ ಎರಡೂ ಒಳಗೇ ಇವೆ.

ಹಾಳೆಯಲ್ಲಿ ಬರೆದ ಒಂದೊಂದರ ಮುಂದೆಯೂ ಹೊಸದರಲ್ಲಿ ನಡೆಯುತ್ತದೆ, ನಡೆಯುವುದಿಲ್ಲ, ಕೇಳಬೇಕು ಎಂದು ಗುರುತು ಹಾಕಿ. ಕೇಳಬೇಕು ಎಂಬುದು ಒಂದು ಉಳಿದಿದ್ದರೂ ತಡೆಯಿರಿ. ನಡೆಯುವುದಿಲ್ಲ ಎಂಬುದಕ್ಕೆ ಪರ್ಯಾಯ ಸಿಕ್ಕುವವರೆಗೂ ತಡೆಯಿರಿ. ಎಲ್ಲಕ್ಕೂ ನಡೆಯುತ್ತದೆ ಎಂದಾದರೆ ತಡೆಯಲು ಉಳಿದ ಕಾರಣ ಕಾಲ ಒಂದೇ.

ಐದನೆಯದು: ಯಾವಾಗ

ಮಲೆನಾಡಿನಲ್ಲಿ ಹೆಂಚು ಕೈಯಾಡಿಸುವುದು ಮೇ ತಿಂಗಳೊಳಗೆ. ಆರಿದ್ರಾ ಮಳೆಯಲ್ಲಿ ಮಾಡಿಗೆ ಏಣಿ ಹಾಕುವವರನ್ನು ಯಾರೂ ಮೆಚ್ಚುವುದಿಲ್ಲ. ಒಂದು ಸಲ ನಾನೇ ಹಾಕಿದೆ. ಆಗುಂಬೆ ಕಡೆಯ ಒಂದು ಮನೆ, ಆಶ್ಲೇಷಾ ಮಳೆ, ಮಧ್ಯಾಹ್ನ ಮೂರಕ್ಕೇ ದೀಪ ಬೇಕಾದ ಕತ್ತಲೆ. ಕರೆಂಟು ಬೆಳಗಿನಿಂದ ಹೋಗಿಲ್ಲ, ಯುಪಿಎಸ್ ಇದೆ ಎಂದರು. ಅಪ್‌ಗ್ರೇಡ್ ಶುರು ಮಾಡಿದೆ. ಅರವತ್ತೆರಡು ಶೇಕಡ ಎಂದು ತೋರಿಸುತ್ತಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು, ನಾಲ್ಕು ನಿಮಿಷಕ್ಕೆ ಅದೂ ಸುಮ್ಮನಾಯಿತು. ಬ್ಯಾಟರಿ ಬದಲಿಸಿ ಎಷ್ಟು ವರ್ಷವಾಗಿದೆ ಎಂದು ನಾನು ಕೇಳಿರಲಿಲ್ಲ. ರಾತ್ರಿ ಕರೆಂಟು ಬಂದಾಗ ಸಿಸ್ಟಂ ತಾನಾಗಿ ಹಳೆಯ ಆವೃತ್ತಿಗೆ ಮರಳಲು ಹೊರಟಿತು, ಅದರ ನಡುವೆ ಮತ್ತೊಮ್ಮೆ ಹೋಯಿತು. ಬೆಳಿಗ್ಗೆ ಕಪ್ಪು ಪರದೆ. ಡಿಸ್ಕ್ ಬಿಚ್ಚಿಕೊಂಡು ಶಿವಮೊಗ್ಗಕ್ಕೆ ತಂದು, ಬೇರೆ ಯಂತ್ರಕ್ಕೆ ಜೋಡಿಸಿ ಆ ಮನೆಯ ಮದುವೆ ಫೋಟೋಗಳನ್ನು ಉಳಿಸಿಕೊಂಡೆ. ಹಣ ತೆಗೆದುಕೊಳ್ಳಲಿಲ್ಲ, ಊಟಕ್ಕೆ ಮಾತ್ರ ಬಿಡಲಿಲ್ಲ ಅವರು.

ಅಂದಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೆಸ್ಕ್‌ಟಾಪ್‌ಗಳ ಅಪ್‌ಗ್ರೇಡ್ ನಾನು ಮುಟ್ಟುವುದಿಲ್ಲ. ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್ ಆದರೆ ಮಳೆಗಾಲದಲ್ಲೂ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಕೆಲಸವನ್ನು ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಊಟದೊಳಗೆ ಮುಗಿಯುತ್ತದೆ. ಸಿಡಿಲಿನ ಸದ್ದು ಕೇಳಿದರೆ ಶುರುವನ್ನೇ ಮಾಡಬೇಡಿ. ಸಿಡಿಲಿಗೆ ಕರೆಂಟಿನ ಪ್ಲಗ್ ಕೀಳುವವರು ನೆಟ್ ಕೇಬಲ್ಲನ್ನು ಮರೆಯುತ್ತಾರೆ, ಅದನ್ನೂ ಕೀಳಬೇಕು.

ಕೆಲಸದ ಕ್ಯಾಲೆಂಡರನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಂಡಿಯವರಿಗೆ ಕೊಯ್ಲಿನ ಕಾಲ ಬೇಡ, ಲೆಕ್ಕಪತ್ರದವರಿಗೆ ಮಾರ್ಚ್ ಬೇಡ, ಶಾಲೆಯವರಿಗೆ ಪರೀಕ್ಷೆಯ ತಿಂಗಳು ಬೇಡ. ಹೀಗೆ ಕಳೆಯುತ್ತಾ ಹೋದರೆ ಮಂಡಿಗೆ ಉಳಿಯುವುದು ಏಪ್ರಿಲ್ ಎರಡನೇ ವಾರ, ಮನೆಯವರಿಗೆ ಡಿಸೆಂಬರ್‌ನಿಂದ ಫೆಬ್ರವರಿ. ಆ ದಿನಕ್ಕೆ ಈಗಲೇ ಗುರುತು ಹಾಕಿ. ದಿನ ಗೊತ್ತುಮಾಡದ ತಡೆ ಮರೆವಿನಲ್ಲಿ ಮುಗಿಯುತ್ತದೆ.

ಹೊಸ ಆವೃತ್ತಿ ಬಂದ ದಿನವೇ ಹಾಕಿಸುವ ಉತ್ಸಾಹ ಬೇಡ. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಕಡತಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದು ನವೆಂಬರ್ 13ಕ್ಕೆ ಮತ್ತೆ ಬಿಟ್ಟರು. ಆ ಆರು ವಾರ ತಡೆದವರಿಗೆ ಏನೂ ಆಗಲಿಲ್ಲ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್ ವ್ಯವಸ್ಥೆ ಉಬುಂಟುವಿನವರಂತೂ ಈ ತಡೆಯನ್ನು ತಾವೇ ಪಾಲಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ದೀರ್ಘಾವಧಿ ಆವೃತ್ತಿ ಬಂದರೂ, ಹಿಂದಿನ ದೀರ್ಘಾವಧಿ ಆವೃತ್ತಿಯವರಿಗೆ ಅಪ್‌ಗ್ರೇಡ್ ಮಾಡಿ ಎಂಬ ಸೂಚನೆ ಹೋಗುವುದು ಮೊದಲ ತಿದ್ದುಪಡಿ ಬಂದ ಮೇಲೆ. 2024ರ ಏಪ್ರಿಲ್‌ನ 24.04 ಆವೃತ್ತಿಗೆ ಆ ತಿದ್ದುಪಡಿ ಬಂದದ್ದು ಆಗಸ್ಟ್ ಕೊನೆಯಲ್ಲಿ. ನನ್ನ ಲೆಕ್ಕ ಎರಡರಿಂದ ಮೂರು ತಿಂಗಳು. ವಿಂಡೋಸ್ 11 ಹೊರಬಂದದ್ದು 2021ರ ಅಕ್ಟೋಬರ್‌ನಲ್ಲಿ, ಹಾಗಾಗಿ ಇನ್ನೂ ಪಕ್ವವಾಗಲಿ ಎಂಬ ನೆಪ ಅದಕ್ಕೆ ಸಲ್ಲುವುದಿಲ್ಲ.

ಆರನೆಯದು: ಮಾಡುವ ದಿನ

ಹಿಂದಿನ ದಿನವೇ ಬ್ಯಾಕಪ್ ಆಗಿರಬೇಕು. ಹೊರಗಿನ ಡಿಸ್ಕಿಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಚಿತ್ರಗಳು, ಟ್ಯಾಲಿ ದತ್ತಾಂಶ, ಫಾಂಟುಗಳು. ಡೆಸ್ಕ್‌ಟಾಪ್ ಮೇಲೆ ಕಾಣುವುದೆಲ್ಲ ಸಿ ಡ್ರೈವ್‌ನಲ್ಲೇ ಇರುತ್ತದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಡಿ ಡ್ರೈವ್ ಉಳಿದರೆ ಎಲ್ಲ ಉಳಿಯಿತು ಎಂದುಕೊಂಡು ಮೋಸಹೋಗುತ್ತಾರೆ. ಕಾಪಿ ಆದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ ನಾಲ್ಕು ಕಡತ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ. ನೋಡಿ ಆದ ಮೇಲೆ ಬೀರುವಿನಲ್ಲಿಡಿ.

ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದ್ದರೆ ಅದರ ರಿಕವರಿ ಕೀ, 48 ಅಂಕಿಗಳದು, ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಸಿಗುತ್ತದೆ. ಬಯೋಸ್‌ನಲ್ಲಿ ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಮುಟ್ಟಿದ ಮೇಲೆ ಯಂತ್ರ ಆ ಕೀ ಕೇಳಿ ಕೂತುಬಿಡಬಹುದು.

ಹಳ್ಳಿಯಲ್ಲಿರುವವರಿಗೆ ನೆಟ್ ಇನ್ನೊಂದು ತಲೆನೋವು. ಹನ್ನೊಂದರ ಕಡತ ಐದು ಜಿಬಿಗೂ ಹೆಚ್ಚು. ಮೊಬೈಲಿನ ದಿನದ ಡೇಟಾದಲ್ಲಿ ಅದು ಇಳಿಯುವುದಿಲ್ಲ, ಇಳಿಯುತ್ತಾ ನಡುವೆ ಸಿಗ್ನಲ್ ಹೋದರೆ ತಾಳ್ಮೆಯೂ ಹೋಗುತ್ತದೆ. ಪೇಟೆಗೆ ಹೋದಾಗ ಒಳ್ಳೆಯ ಸಂಪರ್ಕ ಇರುವ ಕಡೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿ ಪೆನ್‌ಡ್ರೈವ್ ಒಂದನ್ನು ಸಿದ್ಧಮಾಡಿಕೊಳ್ಳಿ. ಅದು ಪೆನ್‌ಡ್ರೈವ್‌ನಲ್ಲಿ ಇದ್ದದ್ದನ್ನೆಲ್ಲ ಅಳಿಸುತ್ತದೆ, ಖಾಲಿಯದನ್ನೇ ಕೊಡಿ. ಮನೆಗೆ ಬಂದು, ವಿಂಡೋಸ್ ನಡೆಯುತ್ತಿರುವಾಗಲೇ ಅದರೊಳಗಿನ ಸೆಟಪ್ ತೆರೆದರೆ ಕಡತ, ತಂತ್ರಾಂಶಗಳನ್ನು ಉಳಿಸಿಕೊಂಡು ಅಪ್‌ಗ್ರೇಡ್ ಮಾಡುವ ಆಯ್ಕೆ ಬರುತ್ತದೆ. ಫಾರ್ಮ್ಯಾಟ್ ಬೇಕಾಗಿಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಿಯೇ ಹಾಕಬೇಕು ಎಂದರೆ ಯಾಕೆ ಎಂದು ಕೇಳಿ. ವಿಂಡೋಸ್ 10ರಿಂದ ಬರುವವರಲ್ಲಿ ಮೂವತ್ತೆರಡು ಬಿಟ್‌ನವರಿಗೆ ಮಾತ್ರ ಅದು ಅನಿವಾರ್ಯ.

ಸಿ ಡ್ರೈವ್‌ನಲ್ಲಿ ಮೂವತ್ತು ಜಿಬಿಯಾದರೂ ಖಾಲಿ ಇರಲಿ. ಹೊರಗಿನಿಂದ ಕೊಂಡ ಆಂಟಿವೈರಸ್ ಇದ್ದರೆ ಆ ಹೊತ್ತಿಗೆ ತೆಗೆದಿಡಿ. ಮೌಸ್, ಕೀಲಿಮಣೆ ಬಿಟ್ಟು ಉಳಿದ ಯುಎಸ್‌ಬಿ ಸಾಧನಗಳನ್ನೆಲ್ಲ ಕೀಳಿ. ಆಮೇಲೆ ಶುರು ಮಾಡಿ ದೂರ ಹೋಗಿ. ಎಸ್‌ಎಸ್‌ಡಿ ಇದ್ದರೆ ಒಂದು ಒಂದೂವರೆ ಗಂಟೆ, ಹಾರ್ಡ್ ಡಿಸ್ಕ್ ಆದರೆ ಅರ್ಧ ದಿನ. ನಡುವೆ ಎರಡು ಮೂರು ಸಲ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಶೇಕಡ ಸಂಖ್ಯೆ ಒಂದೇ ಕಡೆ ನಿಂತಿತು ಎಂದು ಬಟನ್ ಒತ್ತಿ ಆರಿಸಬೇಡಿ.

ಮುಗಿದ ಮೇಲೆ ಹತ್ತು ದಿನ ನಿಮ್ಮ ಕೈಯಲ್ಲಿದೆ. ಅಷ್ಟರೊಳಗೆ ಸೆಟ್ಟಿಂಗ್ಸ್‌ನ ಸಿಸ್ಟಂ, ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿದರೆ ಹಳೆಯ ವಿಂಡೋಸ್‌ಗೆ ಮರಳಬಹುದು. ಹತ್ತು ದಿನ ಕಳೆದರೆ ಹಳೆಯ ಪ್ರತಿ ಅಳಿದುಹೋಗುತ್ತದೆ. ಜಾಗ ಸಾಲದು ಎಂದು ಡಿಸ್ಕ್ ಕ್ಲೀನಪ್‌ನಲ್ಲಿ ಅದನ್ನು ನೀವೇ ಮೊದಲು ಅಳಿಸಿದರೂ ಮರಳುವ ದಾರಿ ಮುಚ್ಚುತ್ತದೆ. ಈ ಹತ್ತು ದಿನದಲ್ಲಿ ನಾಲ್ಕನೇ ಹೆಜ್ಜೆಯ ಹಾಳೆಯನ್ನು ತೆಗೆದು ಒಂದೊಂದನ್ನೂ ಮಾಡಿ ನೋಡಿ. ಒಂದು ಬಿಲ್ಲು ಮುದ್ರಿಸಿ, ಟೋಕನ್ ಚುಚ್ಚಿ ಒಂದು ಸಹಿ ಹಾಕಿ, ಹಳೆಯ ನುಡಿ ಕಡತವನ್ನು ತೆರೆಯಿರಿ, ಸ್ಕ್ಯಾನ್ ಮಾಡಿ. ಹನ್ನೊಂದನೇ ದಿನ ನೆನಪಾದರೆ ಪ್ರಯೋಜನವಿಲ್ಲ.

ಯಂತ್ರ ತಾಳದಿದ್ದರೆ

ಏಳನೇ ತಲೆಮಾರು, ಅದಕ್ಕೂ ಹಿಂದಿನದು ಇರುವವರು ಹೆಚ್ಚುವರಿ ಅಪ್‌ಡೇಟಿಗೆ ನೋಂದಾಯಿಸಿಕೊಂಡು ಆ ಅವಧಿಯನ್ನು ಹಣ ಕೂಡಿಸಲು ಬಳಸಬಹುದು. ಬರೀ ಬ್ರೌಸರ್, ಇಮೇಲ್, ಪತ್ರ ಬರೆಯುವುದು, ಯೂಟ್ಯೂಬ್ ಇಷ್ಟೇ ಆದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿ. ಪೆನ್‌ಡ್ರೈವ್‌ನಿಂದಲೇ ನಡೆಸಿ, ಡಿಸ್ಕನ್ನು ಮುಟ್ಟದೆ ನೋಡಬಹುದು. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಉಚಿತ ಅಪ್‌ಡೇಟ್ ಇದೆ. ನುಡಿಯ ಕೀಲಿಮಣೆಗೆ ಬೆರಳು ಒಗ್ಗಿದವರಿಗೆ ಅದೇ ವಿನ್ಯಾಸ ಕಗಪ ಎಂಬ ಹೆಸರಿನಲ್ಲಿ ಅಲ್ಲಿ ಸಿಗುತ್ತದೆ. ಟ್ಯಾಲಿ, ಡಿಜಿಟಲ್ ಸಹಿ, ಬೆರಳಚ್ಚು ಯಂತ್ರ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ, ಹೇಳಿದರೆ ಸಂಜೆಯೊಳಗೆ ಬೈಗುಳ ಬರುತ್ತದೆ.

ಫಾಕ್ಸ್‌ಪ್ರೋದಂಥ ತಂತ್ರಾಂಶವನ್ನೇ ನಂಬಿದವರು ಹಳೆಯ ಸಿಸ್ಟಂನ ನೆಟ್ ಕಿತ್ತು ಅದಕ್ಕೆ ಆ ಒಂದೇ ಕೆಲಸ ಬಿಡಲಿ, ಬ್ಯಾಂಕು ಜಿಎಸ್‌ಟಿಗೆಲ್ಲ ಬೇರೆ ಯಂತ್ರವಿರಲಿ. ಎರಡರ ನಡುವೆ ಓಡಾಡುವ ಪೆನ್‌ಡ್ರೈವ್ ಒಂದೇ ಇರಲಿ, ಪ್ರತಿ ಸಲ ಹೊಸ ಯಂತ್ರದಲ್ಲಿ ಸ್ಕ್ಯಾನ್ ಆಗಲಿ. ಅದರ ಜೊತೆಗೆ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್-ಎಕ್ಸ್ ಎಂಬ ಉಚಿತ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಹಾಕಿ, ಲೆಕ್ಕದ ಒಂದು ಪ್ರತಿಯನ್ನು ಅದರೊಳಗೆ ನಡೆಸಿ ನೋಡಬಹುದು.

ಮಂಡಿಯಲ್ಲಿ ಈಗ ನಡೆಯುತ್ತಿರುವುದು ಅದೇ. ಹಳೆಯ ಮಾನಿಟರ್ ಮೇಲೆ ಲೆಕ್ಕದವರು ತಮ್ಮ ಕೈಯಾರೆ "ಇದಕ್ಕೆ ನೆಟ್ ಕೊಡಬೇಡಿ" ಎಂದು ಬರೆದು ಅಂಟಿಸಿದ್ದಾರೆ. ಹೊಸದರಲ್ಲಿ ಬಿಲ್ಲು ಬರುತ್ತಿದೆ, ತೂಕ ದರ ಎಲ್ಲ ಸರಿಯಾಗಿ ಕೂಡುತ್ತಿದೆ. ಮುದ್ರಣದಲ್ಲಿ ಗೊರಬಲಿನ ಅಂಕಣ ಮಾತ್ರ ಒಂದು ಅಕ್ಷರದಷ್ಟು ಬಲಕ್ಕೆ ಸರಿದು ಗೆರೆಯ ಮೇಲೆ ಕೂರುತ್ತದೆ. ಅದು ನೆಟ್ಟಗಾಗುವವರೆಗೆ ಹಳೆಯದನ್ನು ಎತ್ತಿಡಲು ಅವರು ಒಪ್ಪುತ್ತಿಲ್ಲ, ಅಳಿಯ ಪ್ರತಿ ಭಾನುವಾರ ಫೋನು ಮಾಡಿ ಕೇಳುತ್ತಿದ್ದಾನಂತೆ.